ಹಳೆಯ ಸೈಕಲ್ ಚೌಕಟ್ಟಿನ ಬಣ್ಣ: ಉಳಿಸುವುದು, ತಿದ್ದುವುದು, ಮತ್ತೆ ಹಚ್ಚುವುದು

ಐಜ, ಗದ್ವಾಲ, ಮಕ್ತಲ್, ನಾರಾಯಣಪೇಟೆ ಕಡೆಯ ಹಳೆಯ ಮನೆಗಳಲ್ಲಿ ಹುಡುಕಿದರೆ ಇನ್ನೂ ಒಂದು ಕರಿ ಸೈಕಲ್ ಸಿಗುತ್ತದೆ. ದನದ ಕೊಟ್ಟಿಗೆಯ ಗೋಡೆಗೋ, ಗೊಬ್ಬರದ ಚೀಲ ಇಟ್ಟ ಕೋಣೆಯ ಮೂಲೆಗೋ ಒರಗಿಸಿಟ್ಟಿರುತ್ತಾರೆ. ಟೈರು ಸೀಳಿದೆ, ಸೀಟಿನ ಚರ್ಮ ಹೋಗಿದೆ, ಆದರೆ ಚೌಕಟ್ಟು ಗಟ್ಟಿಯಿದೆ. ಮುತ್ಯಾನೋ ತಾತನೋ ತುಳಿದ ಸೈಕಲ್ ಅದು. ಅದನ್ನು ಸರಿಮಾಡಿಸಿ ಪಡಸಾಲೆಯಲ್ಲಿ ನಿಲ್ಲಿಸಬೇಕು, ಸಾಧ್ಯವಾದರೆ ಓಡಿಸಬೇಕು ಎಂಬ ಆಸೆ ಈಗ ಮೊಮ್ಮಕ್ಕಳಿಗೆ ಬಂದಿದೆ. ಸಂತೋಷದ ವಿಷಯ. ಆದರೆ ಬಹಳ ಜನ ಮೊದಲು ಮಾಡುವ ಕೆಲಸ ಎಂದರೆ ಚೌಕಟ್ಟನ್ನು ಬಿಚ್ಚಿ ನೇರ ಪೌಡರ್ ಕೋಟಿಂಗ್ ಅಂಗಡಿಗೆ ಕೊಡುವುದು. ಅಲ್ಲಿ ಮರಳು ಹೊಡೆದು ಇದ್ದದ್ದನ್ನೆಲ್ಲ ಕಿತ್ತು ಹಾಕುತ್ತಾರೆ. ಬಂಗಾರದ ಗೆರೆ, ಕಂಪನಿಯ ಗುರುತು, ಯಾರೋ ಕೈಯಲ್ಲಿ ಬರೆದ ಹೆಸರು ಎಲ್ಲ ಅರ್ಧ ಗಂಟೆಯಲ್ಲಿ ಹೋಗಿಬಿಡುತ್ತದೆ. ಬರುವುದು ಹೊಸ ಗೇಟಿನ ಹಾಗೆ ಮಿಂಚುವ ಒಂದು ಚೌಕಟ್ಟು. ಹೋದದ್ದನ್ನು ಆಮೇಲೆ ಎಷ್ಟು ದುಡ್ಡು ಕೊಟ್ಟರೂ ತರಲಾಗದು.

ಆದ್ದರಿಂದ ಈ ಬರಹ. ಹಳೆಯ ಉಕ್ಕಿನ ಸೈಕಲ್ಲಿನ ಬಣ್ಣ ಕೆಟ್ಟಾಗ ಏನು ಮಾಡಬಹುದು, ಯಾವುದನ್ನು ಮನೆಯಲ್ಲೇ ಮಾಡಬಹುದು, ಯಾವುದಕ್ಕೆ ಪೇಂಟರ್ ಬೇಕು, ಯಾವುದನ್ನು ಮುಟ್ಟಲೇಬಾರದು ಎಂಬುದನ್ನು ಇಲ್ಲಿ ಕೊಟ್ಟಿದೆ.

ನಿಮ್ಮ ಮನೆಯ ಸೈಕಲ್ ಯಾವುದು?

ಮೊದಲು ಹೆಡ್ ಟ್ಯೂಬಿನ ಮೇಲಿನ, ಅಂದರೆ ಹ್ಯಾಂಡಲ್ ಕೆಳಗಿನ ಬಿಲ್ಲೆ ನೋಡಿ. ಕೊಕ್ಕರೆಯ ತಲೆ ಇದ್ದರೆ ರ‍್ಯಾಲಿ. ಮೂರು ಬಂದೂಕು ಒಂದಕ್ಕೊಂದು ಒರಗಿಸಿದ ಚಿತ್ರವಿದ್ದರೆ ಬಿ.ಎಸ್.ಎ. ಭೂಗೋಳ ಹೊತ್ತ ಮನುಷ್ಯನಿದ್ದರೆ ಅಟ್ಲಾಸ್. ರ‍್ಯಾಲಿ ಮೂಲತಃ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನದು. 1950ರ ದಶಕದಿಂದ ಬಂಗಾಳದ ಆಸನ್ಸೋಲ್‌ನಲ್ಲಿ ಸೇನ್-ರ‍್ಯಾಲಿ ಕಾರ್ಖಾನೆಯಲ್ಲೂ ತಯಾರಾಯಿತು. ಬರ್ಮಿಂಗ್‌ಹ್ಯಾಮ್‌ನ ಹರ್ಕ್ಯುಲಿಸ್ ಹೆಸರಿನ ಸೈಕಲ್ಲನ್ನು ಮದರಾಸಿನ ಹತ್ತಿರದ ಅಂಬತ್ತೂರಿನಲ್ಲಿ ಟಿ.ಐ. ಸೈಕಲ್ಸ್ ಮಾಡಿತು, ಆ ಕಂಪನಿ ಹುಟ್ಟಿದ್ದು 1949ರಲ್ಲಿ. ಸೋನಿಪತ್‌ನಲ್ಲಿ ಅಟ್ಲಾಸ್ ಶುರುವಾದದ್ದು 1951ರಲ್ಲಿ, ಲುಧಿಯಾನದಲ್ಲಿ ಹೀರೋ ಸೈಕಲ್ಸ್ 1956ರಲ್ಲಿ. ಅಟ್ಲಾಸ್ ತನ್ನ ಸಾಹಿಬಾಬಾದ್ ಕಾರ್ಖಾನೆಯ ಕೆಲಸ ನಿಲ್ಲಿಸಿದ್ದು 2020ರ ಜೂನ್ 3ರಂದು, ಅದೂ ವಿಶ್ವ ಸೈಕಲ್ ದಿನದಂದೇ. ಹಾಗಾಗಿ ಆ ಬಿಲ್ಲೆ ಇರುವ ಸೈಕಲ್ಲುಗಳೂ ಈಗ ಹಳೆಯ ಕಾಲದ ಲೆಕ್ಕಕ್ಕೆ ಸೇರಿದವು.

ಹಿಂದಿನ ಚಕ್ರದ ಹಬ್ ಮೇಲೆ ಸ್ಟರ್ಮಿ-ಆರ್ಚರ್ ಎಂದಿದ್ದರೆ ಅದರ ಪಕ್ಕದಲ್ಲೇ ತಿಂಗಳು ಮತ್ತು ವರ್ಷದ ಅಂಕಿ ಒತ್ತಿರುವ ಸಾಧ್ಯತೆ ಇದೆ. ವಿದೇಶದಿಂದ ಬಂದ ಸೈಕಲ್ಲಿನ ವಯಸ್ಸು ತಿಳಿಯಲು ಅದು ಸುಲಭದ ದಾರಿ. ಆದರೆ ಚಕ್ರ ಬದಲಾಗಿದ್ದರೆ ಆ ಅಂಕಿ ಚಕ್ರದ ವಯಸ್ಸನ್ನು ಮಾತ್ರ ಹೇಳುತ್ತದೆ. ಚೌಕಟ್ಟಿನ ಸಂಖ್ಯೆ ಸೀಟಿನ ಕೆಳಗಿನ ಲಗ್ ಮೇಲೆ ಅಥವಾ ಪೆಡಲ್ ಆಕ್ಸಲ್ ಕೂರುವ ಬಿ.ಬಿ. ಗೂಡಿನ ತಳದಲ್ಲಿ ಇರುತ್ತದೆ. ಕೆಲಸಕ್ಕೆ ಮುಂಚೆ ಅದನ್ನು ಬರೆದಿಟ್ಟುಕೊಳ್ಳಿ. ದಪ್ಪ ಬಣ್ಣ ಹಚ್ಚಿದ ಮೇಲೆ ಅದು ಓದಲು ಬರುವುದಿಲ್ಲ.

ಕಾರ್ಖಾನೆಯ ಬಣ್ಣ ಯಾಕೆ ಬೇರೆ

ಹಳೆಯ ಸೈಕಲ್ಲಿನ ಕಪ್ಪು ಬಣ್ಣ ಬ್ರಷ್ಷಿನಿಂದ ಹಚ್ಚಿ ಗಾಳಿಗೆ ಒಣಗಿಸಿದ್ದಲ್ಲ. ಉಕ್ಕಿನ ಎಣ್ಣೆ ಜಿಡ್ಡು ತೆಗೆದು, ಒಳ್ಳೆಯ ಕಂಪನಿಗಳಲ್ಲಿ ಫಾಸ್ಫೇಟ್ ದ್ರಾವಣದಿಂದ ಒಂದು ತೆಳು ಪದರ ಕೂರಿಸಿ, ಮೇಲೆ ಎನಾಮೆಲ್ ಹಚ್ಚಿ ಕಾದ ಒಲೆಯಲ್ಲಿ ಬೇಯಿಸುತ್ತಿದ್ದರು. ಬ್ರಿಟಿಷ್ ಚೌಕಟ್ಟುಗಳ ಮೇಲೆ ‘ಬಾಂಡರೈಸ್ಡ್’ ಎಂಬ ಚಿಕ್ಕ ಗುರುತು ಕಂಡರೆ ಅದು ಈ ಫಾಸ್ಫೇಟ್ ಪದರದ ಬಗ್ಗೆಯೇ. ಬೇಯಿಸಿದ್ದರಿಂದ ಬಣ್ಣ ಗಾಜಿನಂತೆ ಗಟ್ಟಿ. ಐವತ್ತು ಅರವತ್ತು ವರ್ಷದ ಮೇಲೂ ಅದು ನಿಂತಿರುವುದಕ್ಕೆ ಕಾರಣ ಇದೇ. ಗಾಜಿನ ಗುಣವೇ ಅದರ ದೋಷವೂ ಹೌದು: ಬಾಗುವುದಿಲ್ಲ, ಪೆಟ್ಟು ಬಿದ್ದರೆ ಚಕ್ಕೆ ಏಳುತ್ತದೆ.

ಚಕ್ಕೆ ಎದ್ದ ಕಡೆ ಗಾಳಿ, ತೇವ ಒಳಗೆ ಹೋಗುತ್ತದೆ. ಉಕ್ಕು ತುಕ್ಕಾದಾಗ ಅದರ ಗಾತ್ರ ಹೆಚ್ಚುತ್ತದೆ. ಹಿಗ್ಗಿದ ತುಕ್ಕು ಪಕ್ಕದ ಬಣ್ಣವನ್ನು ಕೆಳಗಿನಿಂದ ಎತ್ತುತ್ತದೆ. ಹೀಗಾಗಿ ಸಾಸಿವೆಯಷ್ಟು ಕಾಣುವ ಚುಕ್ಕೆಯ ಸುತ್ತ, ಬಣ್ಣದ ಅಡಿಯಲ್ಲಿ, ಕಡಲೆಯಷ್ಟು ತುಕ್ಕು ಹರಡಿರುತ್ತದೆ. ಇದನ್ನು ನೆನಪಿಡಬೇಕು, ಯಾಕೆಂದರೆ ಚುಕ್ಕೆಗೆ ಮಾತ್ರ ಬಣ್ಣ ಮೆತ್ತಿದರೆ ಮುಂದಿನ ಮಳೆಗಾಲಕ್ಕೆ ಅದರ ಸುತ್ತ ಗುಳ್ಳೆ ಏಳುತ್ತದೆ.

ನಮ್ಮ ಭಾಗದಲ್ಲಿ ಬಣ್ಣ ಕೆಡುವ ಜಾಗಗಳು ಬಹುಮಟ್ಟಿಗೆ ಗೊತ್ತಿರುವಂಥವೇ. ಹಿಂದಿನ ಚಕ್ರದ ಮುಂದೆ, ಬಿ.ಬಿ. ಗೂಡಿನ ಹಿಂದೆ ಎರೆಮಣ್ಣು ಮೆತ್ತಿಕೊಂಡು ವಾರಗಟ್ಟಲೆ ಹಸಿ ಇರುತ್ತದೆ. ಗದ್ದೆಯ ಬದುವಿನ ಮೇಲೆ ಓಡಿದ ಸೈಕಲ್ಲಿಗೆ ಇದು ತಪ್ಪಿದ್ದಲ್ಲ. ಕ್ಯಾರಿಯರ್ ಬಿಗಿದ ಕಡೆ, ಬ್ರೇಕಿನ ಕಡ್ಡಿ ಉಜ್ಜುವ ಕಡೆ, ಹಾಲಿನ ಕ್ಯಾನು ಅಥವಾ ಹಗ್ಗ ತೂಗಿದ ಕಡೆ ಬಣ್ಣ ಸವೆದಿರುತ್ತದೆ. ಅಡ್ಡ ಬಾರಿನ ನಡುವೆ ಸವೆದಿದ್ದರೆ ಮಕ್ಕಳನ್ನು ಕೂರಿಸಿಕೊಂಡು ಹೋದದ್ದರ ಗುರುತು. ಬಾರಿನ ಕೆಳಗೆ, ಸೀಟಿನ ಕೊಳವೆಯ ಮಗ್ಗುಲಿಗೆ ಸವೆತ ಕಂಡರೆ ಆ ಮನೆಯ ಹುಡುಗರು ಒಳಪೆಡಲ್ ಹೊಡೆದು ಸೈಕಲ್ ಕಲಿತಿದ್ದಾರೆ ಎಂದು ಧಾರಾಳವಾಗಿ ಊಹಿಸಬಹುದು. ಇಂಥ ಸವೆತವನ್ನು ತಿದ್ದಬೇಕೆ ಬೇಡವೆ ಎಂಬುದು ಮನೆಯವರಿಗೆ ಬಿಟ್ಟದ್ದು. ನನ್ನ ಅಭಿಪ್ರಾಯ ಕೇಳಿದರೆ, ತುಕ್ಕು ಹಿಡಿಯದಂತೆ ನೋಡಿಕೊಂಡು ಸವೆತವನ್ನು ಹಾಗೆಯೇ ಬಿಡುವುದು ವಾಸಿ.

ಇನ್ನೊಂದು ದೊಡ್ಡ ಶತ್ರು ಗೊಬ್ಬರದ ಕೋಣೆ. ಪೊಟ್ಯಾಷ್, ಡಿ.ಎ.ಪಿ., ಯೂರಿಯಾ ಇವೆಲ್ಲ ಗಾಳಿಯ ತೇವವನ್ನು ಎಳೆದುಕೊಳ್ಳುವ ಉಪ್ಪಿನಂಥ ಪದಾರ್ಥಗಳು. ಅವುಗಳ ಧೂಳು ಬಿದ್ದ ಉಕ್ಕು ಬೇಸಿಗೆಯಲ್ಲೂ ತುಕ್ಕು ಹಿಡಿಯುತ್ತದೆ. ಕೊಟ್ಟಿಗೆಯ ಗಂಜಲದ ಗಾಳಿ ಹಿತ್ತಾಳೆಯ ಬಿಲ್ಲೆ, ಗಂಟೆಗಳನ್ನು ಹಾಳುಮಾಡುತ್ತದೆ. ಉಳಿದದ್ದೇನೇ ಇರಲಿ, ಸೈಕಲ್ಲನ್ನು ಅಲ್ಲಿಂದ ಇವತ್ತೇ ಈಚೆಗೆ ತನ್ನಿ.

ಮೊದಲು ಮುಟ್ಟದೆ ನೋಡಿ

ಹಗಲು ಬೆಳಕಿನಲ್ಲಿ ಎಲ್ಲ ಕಡೆಯಿಂದ ಫೋಟೋ ತೆಗೆಯಿರಿ. ಗೆರೆಗಳ ಪಕ್ಕ ಶಾಲೆಯ ಅಳತೆಪಟ್ಟಿ ಇಟ್ಟು ತೆಗೆದರೆ ಮುಂದೆ ಅದೇ ಅಗಲ, ಅದೇ ಅಂತರದಲ್ಲಿ ಗೆರೆ ಎಳೆಯಲು ಬರುತ್ತದೆ. ಚೈನ್ ಕವರ್, ಮಡ್‌ಗಾರ್ಡ್ ಮೇಲೆ ಬರಹವಿದ್ದರೆ ಅದನ್ನು ಹತ್ತಿರದಿಂದ, ಬೆಳಕು ಅಡ್ಡ ಬೀಳುವಂತೆ ತೆಗೆಯಿರಿ. ಮಾಸಿದ ಅಕ್ಷರವೂ ಅಡ್ಡ ಬೆಳಕಿನಲ್ಲಿ ಓದಲು ಸಿಗುತ್ತದೆ.

ಈ ಬರಹಗಳ ಬಗ್ಗೆ ಎರಡು ಮಾತು ಹೇಳಬೇಕು. ಗದ್ವಾಲ, ಆಲಂಪುರ ತಾಲ್ಲೂಕುಗಳು 1956ರವರೆಗೆ ಹೈದರಾಬಾದ್ ರಾಜ್ಯದ ರಾಯಚೂರು ಜಿಲ್ಲೆಯಲ್ಲಿದ್ದವು. ರಾಜ್ಯ ಪುನರ್ವಿಂಗಡಣೆಯಾದಾಗ ರಾಯಚೂರು ಮೈಸೂರು ರಾಜ್ಯಕ್ಕೆ ಹೋಯಿತು, ಈ ಎರಡು ತಾಲ್ಲೂಕುಗಳು ಮಹಬೂಬನಗರಕ್ಕೆ ಸೇರಿದವು. ಇಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಒಂದೇ ಬೀದಿಯ ಭಾಷೆಗಳು. ಆಗಿನ ಬೋರ್ಡ್ ಬರೆಯುವ ಪೇಂಟರ್ ಚೈನ್ ಕವರ್ ಮೇಲೆ ಯಜಮಾನನ ಹೆಸರು, ಊರು, ಕೆಲವೊಮ್ಮೆ ದೇವರ ಹೆಸರು ಬರೆದುಕೊಡುತ್ತಿದ್ದ. ಕನ್ನಡದಲ್ಲಿ ಬರೆದ ಅಂಥ ಒಂದು ಹೆಸರು ಗಡಿಯಾಚೆ ಉಳಿದ ನಮ್ಮಂಥವರ ಮನೆಯಲ್ಲಿದ್ದರೆ ಅದು ಬರಿಯ ಬಣ್ಣವಲ್ಲ, ಮನೆಯ ದಾಖಲೆ. ಫ್ಲೆಕ್ಸ್ ಬಂದ ಮೇಲೆ ಕೈಬರಹದ ಪೇಂಟರುಗಳು ಕಡಿಮೆಯಾಗಿದ್ದಾರೆ. ಅದೇ ಕೈಯ ಅಕ್ಷರ ಮತ್ತೆ ಸಿಗುವುದಿಲ್ಲ. ಅದರ ಮೇಲೆ ಬಣ್ಣ ಹಚ್ಚಬೇಡಿ, ಯಾರು ಹೇಳಿದರೂ ಹಚ್ಚಬೇಡಿ. ಪುರಸಭೆಯ ಸೈಕಲ್ ತೆರಿಗೆಯ ಹಿತ್ತಾಳೆ ಬಿಲ್ಲೆ ಎಲ್ಲಾದರೂ ತೂಗುತ್ತಿದ್ದರೆ ಅದನ್ನೂ ಬಿಚ್ಚಿ ಜೋಪಾನ ಮಾಡಿ.

ಆಮೇಲೆ ಗಟ್ಟಿತನ ನೋಡಬೇಕು. ಪೆಡಲ್ ಆಕ್ಸಲ್ ಬಿಚ್ಚಿ ಗೂಡಿನ ಒಳಗೆ ಟಾರ್ಚ್ ಬಿಡಿ. ಹಿಂದಿನ ಚಕ್ರದ ಕಡೆಗೆ ಹೋಗುವ ಎರಡು ಸಣ್ಣ ಕೊಳವೆಗಳನ್ನು ಚೂಪಾದ ಮೊಳೆಯಿಂದ ಮೆಲ್ಲಗೆ ಒತ್ತಿ ನೋಡಿ. ಮೊಳೆ ಒಳಗೆ ಹೋದರೆ ತುಕ್ಕು ಉಕ್ಕನ್ನೇ ತಿಂದಿದೆ. ಹೆಡ್ ಟ್ಯೂಬಿನ ಹಿಂದೆ, ಕೆಳ ಕೊಳವೆಯ ಅಡಿಯಲ್ಲಿ ಬಣ್ಣ ಕೂದಲೆಳೆಯಷ್ಟು ಅಡ್ಡ ಬಿರುಕು ಬಿಟ್ಟಿದ್ದರೆ ಅನುಮಾನಪಡಿ. ಮುಂದಿನಿಂದ ಗುದ್ದಿದ ಸೈಕಲ್ಲಿನಲ್ಲಿ ಉಕ್ಕು ಬಾಗುವುದು ಅಲ್ಲಿಯೇ. ಇವು ಇದ್ದರೆ ಬಣ್ಣದ ಮಾತು ಆಮೇಲೆ, ಮೊದಲು ಬೆಸುಗೆಯವರ ಹತ್ತಿರ ಹೋಗಬೇಕು, ಇಲ್ಲವೇ ಸೈಕಲ್ಲನ್ನು ಪ್ರದರ್ಶನಕ್ಕಷ್ಟೇ ಇಡಬೇಕು. ಪುಟ್ಟಿ ತುಂಬಿ ಮೇಲೆ ಬಣ್ಣ ಹೊಡೆದು ಮಗುವನ್ನು ಕೂರಿಸಿ ಓಡಿಸುವುದು ಅಪಾಯ.

ಸೀಸದ ವಿಷಯ

ಹಳೆಯ ಬಣ್ಣದಲ್ಲಿ ಸೀಸ ಇದ್ದೇ ಇದೆ ಎಂದುಕೊಂಡು ಕೆಲಸ ಮಾಡುವುದು ಕ್ಷೇಮ. ಕೆಂಪು, ಹಳದಿ, ಹಸಿರು ಬಣ್ಣಗಳಲ್ಲಿ, ಅಡಿಗೆ ಹಚ್ಚುತ್ತಿದ್ದ ಸಿಂಧೂರದ ಪ್ರೈಮರಿನಲ್ಲಿ ಇದು ಹೆಚ್ಚು. ಭಾರತದಲ್ಲಿ ಮನೆಬಳಕೆಯ ಬಣ್ಣಗಳಲ್ಲಿ ಸೀಸವನ್ನು 90 ಪಿ.ಪಿ.ಎಂ.ಗೆ ಮಿತಿಗೊಳಿಸಿದ ನಿಯಮ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರಿನಿಂದ. ಅದಕ್ಕೂ ಹಿಂದಿನ ಡಬ್ಬಿಗಳಲ್ಲಿ ಏನಿತ್ತೋ ಹೇಳಲಾಗದು. ಆದ್ದರಿಂದ ಒಣ ಉಜ್ಜುವಿಕೆ ಬೇಡ. ನೀರು ಹಾಕಿ ವಾಟರ್ ಪೇಪರಿನಿಂದ ಉಜ್ಜಿ. ಬ್ಲೋ ಲ್ಯಾಂಪಿನಿಂದ ಬಣ್ಣ ಸುಡುವುದಂತೂ ಬೇಡವೇ ಬೇಡ, ಆ ಹೊಗೆ ಧೂಳಿಗಿಂತ ಕೆಟ್ಟದ್ದು. ಕೆಳಗೆ ಹಳೆಯ ಪ್ಲಾಸ್ಟಿಕ್ ಹಾಳೆ ಹಾಸಿ, ಚಿಕ್ಕ ಮಕ್ಕಳನ್ನು, ಬಸುರಿಯರನ್ನು ದೂರವಿಟ್ಟು, ಉಳಿದ ಕೆಸರನ್ನು ಒಟ್ಟುಗೂಡಿಸಿ ಕಟ್ಟಿ ಎಸೆಯಿರಿ. ಊಟಕ್ಕೆ ಮುಂಚೆ ಕೈ ತೊಳೆಯುವುದು ಹೇಳಬೇಕಾದದ್ದಲ್ಲ.

ತೊಳೆಯುವುದು: ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ

ಕೆಟ್ಟಿದೆ ಎಂದು ಕಾಣುವ ಬಹಳಷ್ಟು ಬಣ್ಣ ನಿಜಕ್ಕೂ ಕೆಟ್ಟಿರುವುದಿಲ್ಲ, ಕೊಳೆ ಮುಚ್ಚಿರುತ್ತದೆ. ಹಳೆಯ ಗ್ರೀಸಿಗೆ ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆ ಸಾಕು. ಅದಾದ ಮೇಲೆ ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರವ ನಾಲ್ಕು ಹನಿ ಹಾಕಿ ಮೆತ್ತನೆಯ ಹತ್ತಿ ಬಟ್ಟೆಯಲ್ಲಿ ಒರೆಸಿ. ತಂತಿಯ ಸ್ಕ್ರಬ್ಬರ್, ಬೂದಿ, ಇಟ್ಟಿಗೆ ಪುಡಿ ಯಾವುದೂ ಬೇಡ. ವಾಹನ ತೊಳೆಯುವ ಪ್ರೆಷರ್ ಪಂಪಿನ ನೀರು ಎದ್ದ ಚಕ್ಕೆಗಳನ್ನೆಲ್ಲ ಕಿತ್ತುಕೊಂಡು ಹೋಗುತ್ತದೆ.

ಬಂಗಾರದ ಗೆರೆ, ಕಂಪನಿಯ ಹೆಸರು ಇರುವ ಕಡೆ ಕೈ ಇನ್ನೂ ಹಗುರ ಇರಲಿ. ಅವು ಎನಾಮೆಲ್ ಮೇಲೆ ಅಂಟಿಸಿದ ಅಥವಾ ಬರೆದ ಬಹಳ ತೆಳುವಾದ ಪದರ, ಮೇಲೊಂದು ವಾರ್ನಿಶ್ ಅಷ್ಟೆ. ಕಾರಿಗೆ ಹಾಕುವ ರಬ್ಬಿಂಗ್ ಕಾಂಪೌಂಡ್ ಅಲ್ಲಿ ನಾಲ್ಕು ಸಲ ತಿರುಗಿದರೆ ಬಂಗಾರ ಬಟ್ಟೆಗೆ ಬರುತ್ತದೆ. ಕಾಂಪೌಂಡ್ ಬಳಸುವುದಿದ್ದರೆ ಬರಿಯ ಕಪ್ಪಿನ ಮೇಲೆ ಮಾತ್ರ, ಗುರುತುಗಳಿಂದ ಎರಡು ಬೆರಳು ದೂರದಲ್ಲೇ ನಿಲ್ಲಿಸಿ.

ಆಯುಧಪೂಜೆಯಲ್ಲಿ ಪ್ರತಿವರ್ಷ ಇಟ್ಟ ಅರಿಶಿನ, ಕುಂಕುಮ, ವಿಭೂತಿಯ ಕಲೆ ಹೆಡ್ ಟ್ಯೂಬಿನ ಮೇಲೆ ಕೂತಿರುತ್ತದೆ. ಸಾಬೂನು ನೀರಿಗೆ ಹೋದಷ್ಟು ಹೋಗಲಿ. ಹೋಗದ ಕೆಂಪನ್ನು ಕೆರೆಯಲು ಹೋಗಬೇಡಿ.

ದಸರೆಗೆ ಸೈಕಲ್ಲಿಗೆ ಹೊಸದಾಗಿ ಬ್ರಷ್ಷಿನಲ್ಲಿ ಬಣ್ಣ ಹಚ್ಚುವ ರೂಢಿಯೂ ಹಲವು ಮನೆಗಳಲ್ಲಿತ್ತು. ಅಂಥ ಸೈಕಲ್ಲಿನಲ್ಲಿ ನೀಲಿಯೋ ಹಸಿರೋ ಇರುವ ಮೇಲಿನ ಬಣ್ಣದ ಅಡಿಯಲ್ಲಿ ಕಾರ್ಖಾನೆಯ ಕಪ್ಪು, ಬಂಗಾರದ ಗೆರೆ ಸಮೇತ, ಬದುಕಿರುವ ಸಾಧ್ಯತೆ ಇದೆ. ಪರೀಕ್ಷೆಗೆ ಬಿ.ಬಿ. ಗೂಡಿನ ತಳದಂಥ ಕಾಣದ ಜಾಗ ಆರಿಸಿ. ಎನ್.ಸಿ. ಥಿನ್ನರಿನಲ್ಲಿ ಅದ್ದಿದ ಹತ್ತಿಯಿಂದ ಮೆಲ್ಲಗೆ ಉಜ್ಜಿ. ಬಣ್ಣ ಕರಗಿ ಹತ್ತಿಗೆ ಬಂದರೆ ಅದು ಎನ್.ಸಿ., ಅಂದರೆ ಪೇಂಟರುಗಳು ಡ್ಯೂಕೋ ಎನ್ನುವ ಬಣ್ಣ. ಮೆತ್ತಗಾಗಿ ಸುಕ್ಕುಗಟ್ಟಿದರೆ ಗಾಳಿಗೆ ಒಣಗಿದ ಸಿಂಥೆಟಿಕ್ ಎನಾಮೆಲ್. ಏನೂ ಆಗದಿದ್ದರೆ ಬೇಯಿಸಿದ ಕಾರ್ಖಾನೆಯ ಬಣ್ಣ. ಈ ವ್ಯತ್ಯಾಸವನ್ನೇ ಹಿಡಿದು ಮೇಲಿನ ಪದರವನ್ನು ಮೆತ್ತಗೆ ಮಾಡಿ, ಮರದ ಅಥವಾ ಪ್ಲಾಸ್ಟಿಕ್ ಪಟ್ಟಿಯಿಂದ ಎತ್ತಿ, ಒಂದು ದಿನಕ್ಕೆ ಅಂಗೈಯಗಲ ಜಾಗದಂತೆ ಹಳೆಯದನ್ನು ಹೊರಗೆ ತರಬಹುದು. ಗೆರೆ, ಗುರುತು ಕಾಣಲು ಶುರುವಾದ ಕೂಡಲೇ ಥಿನ್ನರ್ ನಿಲ್ಲಿಸಿ. ಗುರುತಿನ ಮೇಲಿನ ವಾರ್ನಿಶ್ ಎನಾಮೆಲ್‌ನಷ್ಟು ಗಟ್ಟಿಯಲ್ಲ. ಅಲ್ಲಿ ಉಗುರಿನಿಂದಲೇ ಸಿಪ್ಪೆ ಬಿಡಿಸಬೇಕು. ತಾಳ್ಮೆ ಬೇಡುವ ಕೆಲಸ, ಆದರೆ ಇಷ್ಟು ಖುಷಿ ಕೊಡುವ ಕೆಲಸ ಇನ್ನೊಂದಿಲ್ಲ.

ತುಕ್ಕಿನ ಚುಕ್ಕೆ ತಿದ್ದುವುದು

ಮುಖ್ಯವಾದ ಭಾಗ ಇದು. ಸ್ವಚ್ಛವಾದ ಚೌಕಟ್ಟಿನಲ್ಲಿ ಚಕ್ಕೆ ಎದ್ದ, ತುಕ್ಕು ಹಿಡಿದ ಜಾಗಗಳನ್ನು ಸೀಮೆಸುಣ್ಣದಿಂದ ಗುರುತು ಮಾಡಿಕೊಳ್ಳಿ. ಒಂದೊಂದರಲ್ಲೂ ಸಡಿಲವಾದ ಬಣ್ಣವನ್ನು ಚಾಕುವಿನ ತುದಿಯಿಂದ ಎತ್ತಿ, ಗಟ್ಟಿಯಾಗಿ ಹಿಡಿದಿರುವ ಅಂಚು ಸಿಗುವವರೆಗೆ ಹೋಗಬೇಕು. ಜಾಗ ದೊಡ್ಡದಾಯಿತೆಂದು ಗಾಬರಿ ಬೇಡ; ಅಡಿಯಲ್ಲಿ ಹರಡಿದ್ದ ತುಕ್ಕು ಈಗ ಕಣ್ಣಿಗೆ ಬಿದ್ದಿದೆ ಅಷ್ಟೆ.

ತುಕ್ಕು ತೆಗೆಯಲು 400 ನಂಬರಿನ ವಾಟರ್ ಪೇಪರನ್ನು ಬೆರಳಗಲ ಕತ್ತರಿಸಿ ಪೆನ್ಸಿಲ್ ರಬ್ಬರಿಗೆ ಸುತ್ತಿ ಉಜ್ಜಿ. ಹೀಗೆ ಮಾಡಿದರೆ ಪಕ್ಕದ ಒಳ್ಳೆಯ ಬಣ್ಣಕ್ಕೆ ಗೀರು ಬೀಳದು. ಉಕ್ಕಿನ ಗುಳಿಗಳಲ್ಲಿ ಕಪ್ಪಾಗಿ ಕೂತ ತುಕ್ಕು ಪೇಪರಿಗೆ ಬಗ್ಗುವುದಿಲ್ಲ. ಅದಕ್ಕೆ ಫಾಸ್ಫಾರಿಕ್ ಆಸಿಡ್ ಇರುವ ರಸ್ಟ್ ಕನ್ವರ್ಟರನ್ನು ಹಲ್ಲುಕಡ್ಡಿಯ ತುದಿಯಲ್ಲಿ ಮುಟ್ಟಿಸಿ, ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಬಿಟ್ಟು ಒರೆಸಿ. ಬಿಚ್ಚಿದ ಬಿಡಿ ಭಾಗಗಳಿಗೆ ಆಕ್ಸಾಲಿಕ್ ಆಸಿಡ್ ಒಳ್ಳೆಯದು: ಒಂದು ಲೀಟರ್ ನೀರಿಗೆ ಸುಮಾರು 30 ಗ್ರಾಂ, ಪ್ಲಾಸ್ಟಿಕ್ ಬಕೆಟ್ಟಿನಲ್ಲಿ, ಗಂಟೆಗೊಮ್ಮೆ ನೋಡುತ್ತಾ. ಕೊನೆಗೆ ಅಡಿಗೆ ಸೋಡಾ ಬೆರೆಸಿದ ನೀರಿನಲ್ಲಿ ತೊಳೆದು ಕೂಡಲೇ ಒಣಗಿಸಬೇಕು. ಅದು ವಿಷ, ಕೈಗವಸು ಹಾಕಿ, ಆ ಬಕೆಟ್ಟನ್ನು ಮತ್ತೆ ಮನೆಬಳಕೆಗೆ ತರಬೇಡಿ, ದನ ಮುಟ್ಟುವ ಕಡೆ ನೀರು ಚೆಲ್ಲಬೇಡಿ. ಗುರುತುಗಳಿರುವ ಚೌಕಟ್ಟನ್ನು ಅದರಲ್ಲಿ ಅದ್ದುವ ಸಾಹಸ ಬೇಡ.

ಬಿಳಿ ಉಕ್ಕು ಕಂಡ ಮೇಲೆ ತಡ ಮಾಡಬಾರದು. ಬೆವರಿನ ಕೈ ತಾಗಿದರೂ ಮರುದಿನ ಬೆರಳಚ್ಚಿನ ಆಕಾರದಲ್ಲಿ ತುಕ್ಕು ಬರುತ್ತದೆ. ಥಿನ್ನರಿನಲ್ಲಿ ಒರೆಸಿ, ಅದೇ ದಿನ ಪ್ರೈಮರ್ ಹಚ್ಚಿ. ನಮ್ಮ ಕಡೆ ಎಲ್ಲ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವುದು ರೆಡ್ ಆಕ್ಸೈಡ್. ಜಿಂಕ್ ಫಾಸ್ಫೇಟ್ ಪ್ರೈಮರ್ ಸಿಕ್ಕರೆ ಅದು ಇನ್ನೂ ಮೇಲು. ತೆಳುವಾಗಿ ಒಂದು ಕೈ, ಒಣಗಿದ ಮೇಲೆ ಇನ್ನೊಂದು. ಗುಳಿ ಆಳವಿದ್ದರೆ ಪ್ರೈಮರಿನ ಮೇಲೆ ತೆಳ್ಳಗೆ ಪುಟ್ಟಿ ಎಳೆಯಿರಿ. ನಮ್ಮ ಪೇಂಟರುಗಳು ಲಪ್ಪಂ ಎನ್ನುತ್ತಾರೆ. ಒಂದೇ ಸಲ ದಪ್ಪ ತುಂಬಿದರೆ ಒಳಗೆ ಒಣಗದೆ ಆಮೇಲೆ ಕುಗ್ಗುತ್ತದೆ. ಪುಟ್ಟಿ ಒಣಗಿದ ಮೇಲೆ 600, ಆಮೇಲೆ 800 ನಂಬರಿನಲ್ಲಿ ನೀರು ಹಾಕಿ ಉಜ್ಜಿ, ಬೆರಳು ಸವರಿದರೆ ಅಂಚು ತಿಳಿಯಬಾರದು. ಈ ಕೆಲಸದಲ್ಲಿ ಕಣ್ಣಿಗಿಂತ ಬೆರಳನ್ನು ನಂಬಬೇಕು.

ಇನ್ನು ಬಣ್ಣ. ಕಪ್ಪಿಗೆ ಕಪ್ಪು ಎಂದು ಡಬ್ಬಿ ತಂದರೆ ಹೊಂದುವುದಿಲ್ಲ. ಹಳೆಯ ಕಪ್ಪುಗಳಲ್ಲಿ ಕೆಲವು ಕಂದಿನ ಕಡೆಗೆ, ಕೆಲವು ನೀಲಿಯ ಕಡೆಗೆ ವಾಲುತ್ತವೆ. ಬಿಸಿಲು ಕಾಣದ ಮೂಲ ಬಣ್ಣ ನೋಡಬೇಕಾದರೆ ಹೆಡ್ ಬಿಲ್ಲೆಯ ಅಡಿಯಲ್ಲಿ ಅಥವಾ ಕ್ಯಾರಿಯರ್ ಕ್ಲಿಪ್ಪಿನ ಕೆಳಗೆ ನೋಡಿ. ಆದರೆ ತಿದ್ದುವಾಗ ಹೊಂದಿಸಬೇಕಾದದ್ದು ಆ ಬಣ್ಣಕ್ಕಲ್ಲ, ಚುಕ್ಕೆಯ ಸುತ್ತ ಈಗ ಇರುವ ಮಾಸಿದ ಬಣ್ಣಕ್ಕೆ. ಕಪ್ಪಿಗೆ ಒಂದೆರಡು ಹನಿ ಕಂದು ಬೆರೆಸಿ, ಹಳೆಯ ಡಬ್ಬಿಯ ಮುಚ್ಚಳದ ಮೇಲೆ ಹಚ್ಚಿ, ಪೂರ್ತಿ ಒಣಗಿದ ಮೇಲೆ ಹಗಲಿನಲ್ಲಿ ಪಕ್ಕ ಹಿಡಿದು ನೋಡಿ. ಹಸಿಯಿದ್ದಾಗ ಕಂಡ ಬಣ್ಣ ಒಣಗಿದಾಗ ಇರುವುದಿಲ್ಲ. ಟ್ಯೂಬ್‌ಲೈಟ್ ಕೆಳಗೆ ನೋಡಿ ತೀರ್ಮಾನಿಸುವುದೂ ಬೇಡ. ಹಸಿರು, ಮೆರೂನ್ ಚೌಕಟ್ಟಾದರೆ ಕಾರಿನ ಬಣ್ಣ ಬೆರೆಸುವ ಅಂಗಡಿಗೆ ಒಂದು ಬಿಡಿ ಭಾಗ ತೆಗೆದುಕೊಂಡು ಹೋಗುವುದೇ ಸರಿ. ರಾಯಚೂರಿನಂಥ ಊರುಗಳಲ್ಲಿ ಅಂಥ ಅಂಗಡಿಗಳಿವೆ.

ಮನೆಯಲ್ಲಿ ಮಾಡುವವರಿಗೆ ಸಿಂಥೆಟಿಕ್ ಎನಾಮೆಲ್ ಒಳ್ಳೆಯದು. ಚಿತ್ರಕಲೆಯ ಸಣ್ಣ ಬ್ರಷ್ಷಿನಲ್ಲಿ ತೆಳುವಾಗಿ ಹನಿ ಕೂರಿಸಿ. ಬಣ್ಣ ಎಳೆಯಬಾರದು, ಹನಿ ತಾನಾಗಿ ಹರಡಿ ಅಂಚಿಗೆ ಮುಟ್ಟಲಿ. ದಿನಕ್ಕೊಂದು ಕೈ, ನಾಲ್ಕೈದು ದಿನ. ಕೊನೆಗೆ ಅದು ಸುತ್ತಲಿನ ಮಟ್ಟಕ್ಕಿಂತ ಕೂದಲೆಳೆಯಷ್ಟು ಎತ್ತರ ಇರಬೇಕು. ಹತ್ತು ದಿನವಾದರೂ ಬಿಟ್ಟು, 2000 ನಂಬರಿನ ಪೇಪರನ್ನು ಚಪ್ಪಟೆ ರಬ್ಬರಿನ ಚೂರಿಗೆ ಸುತ್ತಿ ಸಾಬೂನು ನೀರಿನಲ್ಲಿ ಆ ಎತ್ತರವನ್ನಷ್ಟೇ ಇಳಿಸಿ, ಕಾಂಪೌಂಡಿನಲ್ಲಿ ಹೊಳಪು ತನ್ನಿ. ಅವಸರಪಟ್ಟು ಮೂರನೇ ದಿನ ಉಜ್ಜಿದರೆ ಮೇಲಿನ ಪೊರೆ ಸುಲಿದುಬರುತ್ತದೆ.

ಒಂದು ನಿಯಮ ಮಾತ್ರ ಎಲ್ಲರೂ ಕಂಠಪಾಠ ಮಾಡಬೇಕು: ಸಿಂಥೆಟಿಕ್ ಎನಾಮೆಲ್ ಮೇಲೆ ಎನ್.ಸಿ. ಬಣ್ಣ ಹೊಡೆಯಬಾರದು. ಎನ್.ಸಿ. ಥಿನ್ನರ್ ಬಲವಾದದ್ದು, ಕೆಳಗಿನ ಎನಾಮೆಲ್ ಎದ್ದು ಒಣ ದ್ರಾಕ್ಷಿಯ ಸಿಪ್ಪೆಯಂತಾಗುತ್ತದೆ. ಚೆನ್ನಾಗಿ ಒಣಗಿದ ಎನ್.ಸಿ. ಮೇಲೆ ಸಿಂಥೆಟಿಕ್ ಹಚ್ಚಿದರೆ ತೊಂದರೆಯಿಲ್ಲ. ಅಂಗಡಿಯಲ್ಲಿ ಸಿಗುವ ಸ್ಪ್ರೇ ಡಬ್ಬಿಗಳಲ್ಲಿ ಬಹುಪಾಲು ಬಲವಾದ ದ್ರಾವಕವೇ ಇರುತ್ತದೆ, ಹಾಗಾಗಿ ಬ್ರಷ್ಷಿನ ಬಣ್ಣದ ಮೇಲೆ ಅದನ್ನು ಹೊಡೆಯುವ ಮುಂಚೆ ಮೂಲೆಯಲ್ಲಿ ಪರೀಕ್ಷಿಸಿ.

ಹೊತ್ತು, ಹವೆ

ನಡಿಗಡ್ಡದ ಹವೆಗೆ ತಕ್ಕ ಹಾಗೆ ಹೇಳುವುದಾದರೆ ಬಣ್ಣದ ಕೆಲಸಕ್ಕೆ ಕಾರ್ತಿಕದಿಂದ ಮಾಘದವರೆಗೆ ಒಳ್ಳೆಯ ಕಾಲ, ಬೆಳಗಿನ ಇಬ್ಬನಿ ಆರಿದ ಮೇಲೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟಿದಾಗ ಬಿಸಿಲಿನಲ್ಲಿಟ್ಟ ಕೊಳವೆಯನ್ನು ಕೈಯಲ್ಲಿ ಹಿಡಿಯಲಾಗದು. ಬಣ್ಣ ಹರಡುವ ಮೊದಲೇ ಒಣಗಿ ಬ್ರಷ್ಷಿನ ಗೆರೆ ಉಳಿಯುತ್ತದೆ. ಮುಂಗಾರಿನ ಗಾಳಿಯಲ್ಲಿ ಧೂಳು ಕೂರುತ್ತದೆ. ಮಳೆಯ ತೇವದಲ್ಲಿ ಎನ್.ಸಿ. ಹೊಡೆದರೆ ಥಿನ್ನರ್ ಆರುವಾಗ ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಕೂತು, ಕಪ್ಪು ಬಣ್ಣ ಹಾಲು ಚೆಲ್ಲಿದಂತೆ ಬಿಳಿಚಿಕೊಳ್ಳುತ್ತದೆ. ನೆಲಕ್ಕೆ ನೀರು ಚಿಮುಕಿಸಿ ಧೂಳು ಅಡಗಿಸಿ, ಕಿಟಕಿ ತೆರೆದ ನೆರಳಿನ ಕೋಣೆಯಲ್ಲಿ ಕೆಲಸ ಮಾಡುವುದು ವಾಸಿ.

ಪೂರ್ತಿ ಬಣ್ಣ ಹಚ್ಚಲೇಬೇಕಾದಾಗ

ಅರ್ಧಕ್ಕಿಂತ ಹೆಚ್ಚು ಬಣ್ಣ ಹೋಗಿ, ಗುರುತು ಯಾವುದೂ ಉಳಿದಿಲ್ಲ, ಅಥವಾ ಕೊಳವೆ ಬೆಸುಗೆ ಹಾಕಿಸಿದ್ದಾಗಿದೆ ಎಂದರೆ ಪೂರ್ತಿ ಹಚ್ಚುವುದು ತಪ್ಪಲ್ಲ. ಆಗಲೂ ಪೌಡರ್ ಕೋಟಿಂಗ್‌ಗಿಂತ ಕಾರಿಗೆ ಸ್ಪ್ರೇ ಹೊಡೆಯುವ ಪೇಂಟರ್ ಮೇಲು ಎಂದೇ ನನ್ನ ಮತ. ಪೌಡರ್ ಗಟ್ಟಿ, ಅಗ್ಗ, ನಿಜ. ಆದರೆ ದಪ್ಪ, ಲಗ್ಗಿನ ಚೂಪಾದ ಅಂಚು, ಒತ್ತಿದ ಸಂಖ್ಯೆ, ಕೊಕ್ಕರೆಯ ಬಿಲ್ಲೆ ಕೂರುವ ಜಾಗ ಎಲ್ಲ ಮೊಂಡಾಗುತ್ತವೆ. ಅಂಗಡಿಗೆ ಕೊಡುವಾಗ ಬಿ.ಬಿ. ಮತ್ತು ಹೆಡ್ ಟ್ಯೂಬಿನ ಒಳಮೈ ಹಾಗೂ ಮರೆಗಳಿಗೆ ಟೇಪು ಸುತ್ತಿಸಿ, ಇಲ್ಲವಾದರೆ ಬೇರಿಂಗ್ ಕಪ್ ಕೂರುವುದಿಲ್ಲ. ಚೈನ್ ಕವರಿನ ಮೇಲೆ ಬರಹವಿದ್ದರೆ ಅದನ್ನು ಮನೆಯಲ್ಲೇ ಬಿಟ್ಟು ಹೋಗಿ. ಅಂಗಡಿಯ ಹುಡುಗನಿಗೆ ಎಷ್ಟು ಹೇಳಿದರೂ ಅದು ಉಳಿದ ಭಾಗಗಳ ಜೊತೆ ಮರಳಿನ ಕೆಳಗೆ ಹೋಗುವ ಸಂಭವವಿದೆ.

ಗಟ್ಟಿಕಾರಕ ಬೆರೆಸುವ ಟೂ-ಕೆ ಪಿ.ಯು. ಬಣ್ಣ ಅತ್ಯಂತ ಬಾಳಿಕೆಯದು. ಆದರೆ ಅದರಲ್ಲಿರುವ ಐಸೋಸಯನೇಟ್ ಶ್ವಾಸಕೋಶಕ್ಕೆ ಕೆಟ್ಟದ್ದು, ಬಟ್ಟೆಯ ಮಾಸ್ಕ್ ಅದನ್ನು ತಡೆಯುವುದಿಲ್ಲ. ಮನೆಯಂಗಳದಲ್ಲಿ ಅದನ್ನು ಹೊಡೆಯಬೇಡಿ.

ಗೆರೆ

ಕಪ್ಪಿನ ಮೇಲೆ ಬಂಗಾರದ ಗೆರೆ ಇಲ್ಲದಿದ್ದರೆ ಹಳೆಯ ಸೈಕಲ್ ಮೊಗ ಬರುವುದಿಲ್ಲ. ಕಾರ್ಖಾನೆಗಳಲ್ಲಿ ಇದನ್ನು ಉದ್ದ ಕೂದಲಿನ ಬ್ರಷ್ಷಿನಿಂದ ಕೈಯಲ್ಲೇ ಎಳೆಯುತ್ತಿದ್ದರು. ಕಿರುಬೆರಳನ್ನು ಕೊಳವೆಯ ಮೇಲೆ ಆಸರೆಯಿಟ್ಟು, ಉಸಿರು ಹಿಡಿದು, ಒಂದೇ ಎಳೆತ. ಊರಿನಲ್ಲಿ ಹಳೆಯ ಬೋರ್ಡ್ ಪೇಂಟರ್ ಇದ್ದರೆ ಈ ಕೆಲಸಕ್ಕೆ ಅವರನ್ನೇ ಕರೆಯಿರಿ, ಮರ್ಯಾದೆಯಾಗಿ ಕೂಲಿ ಕೊಡಿ. ಅವರ ಕೈ ಇನ್ನೂ ಮರೆತಿರುವುದಿಲ್ಲ. ನೀವೇ ಎಳೆಯುವುದಾದರೆ ಎರಡು ಸಾಲು ಮಾಸ್ಕಿಂಗ್ ಟೇಪ್ ಅಂಟಿಸಿ ನಡುವೆ ಹಚ್ಚಿ, ಬಣ್ಣ ಇನ್ನೂ ಸ್ವಲ್ಪ ಹಸಿಯಿರುವಾಗಲೇ ಟೇಪ್ ಎತ್ತಿ. ಕೆಳಗಿನ ಬಣ್ಣ ಪೂರ್ತಿ ಗಟ್ಟಿಯಾಗಿದ್ದರೆ ವಕ್ರವಾದ ಗೆರೆಯನ್ನು ಟರ್ಪೆಂಟೈನ್ ಬಟ್ಟೆಯಿಂದ ಒರೆಸಿ ಮತ್ತೆ ಎಳೆಯಬಹುದು. ಅಂಗಡಿಯ ಬಂಗಾರದ ಪುಡಿ ತಾಮ್ರ ಮತ್ತು ಸತುವಿನದು, ಗಾಳಿ ತಾಗಿದರೆ ವರ್ಷದೊಳಗೆ ಕಂದಾಗುತ್ತದೆ. ಮೇಲೊಂದು ಕೈ ಪಾರದರ್ಶಕ ವಾರ್ನಿಶ್ ಬೇಕು.

ಮತ್ತೆ ಜೋಡಿಸುವಾಗ

ಬಣ್ಣ ಮುಟ್ಟಿದರೆ ಅಂಟದು ಎಂದ ಮಾತ್ರಕ್ಕೆ ಗಟ್ಟಿಯಾಗಿದೆ ಎಂದಲ್ಲ. ಸಿಂಥೆಟಿಕ್ ಎನಾಮೆಲ್ ಆದರೆ ಕ್ಲಿಪ್ಪು, ಕ್ಯಾರಿಯರ್ ಬಿಗಿಯಲು ಮೂರು ವಾರ ಕಾಯಿರಿ. ಕ್ಲಿಪ್ಪಿನ ಅಡಿಗೆ ಹಳೆಯ ಟ್ಯೂಬಿನ ರಬ್ಬರ್ ಕತ್ತರಿಸಿ ಇಡುವ ರೂಢಿ ಇದೆ, ಆದರೆ ರಬ್ಬರ್ ಬಣ್ಣಕ್ಕೆ ಕಲೆ ಕೊಡುತ್ತದೆ, ಅಡಿಯಲ್ಲಿ ನೀರೂ ನಿಲ್ಲುತ್ತದೆ. ಎಣ್ಣೆ ಸವರಿದ ತೆಳು ಚರ್ಮ ಅದಕ್ಕಿಂತ ಒಳ್ಳೆಯದು. ಕೊಳವೆಗಳ ಒಳಮೈಗೆ ಕಾರ್ಖಾನೆ ಬಣ್ಣ ಸರಿಯಾಗಿ ತಲುಪಿರುವುದಿಲ್ಲ. ಸೀಟಿನ ಕೊಳವೆಯಿಂದ ಎರಡು ಚಮಚ ಬೆಚ್ಚಗಿನ ಅಗಸೆ ಎಣ್ಣೆ ಬಿಟ್ಟು, ಚೌಕಟ್ಟನ್ನು ಎಲ್ಲ ಕಡೆ ಹೊರಳಿಸಿ, ಹೆಚ್ಚಾದದ್ದು ಬಿ.ಬಿ. ಗೂಡಿನಿಂದ ಸೋರಿಹೋಗಲು ರಾತ್ರಿಯಿಡೀ ಬಿಡಿ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ಅದು ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದು. ಬಿಡಿಸಿ ಹೊರಗೆ ಒಣಹಾಕಿ.

ಆಮೇಲೆ ವರ್ಷಕ್ಕೆ ಎರಡು ಸಲ, ಯುಗಾದಿಗೂ ದಸರೆಗೂ, ಕಾರಿಗೆ ಹಚ್ಚುವ ವ್ಯಾಕ್ಸ್ ತೆಳುವಾಗಿ ಸವರಿ. ಗುರುತು, ಬರಹದ ಮೇಲೆ ಉಜ್ಜುಪುಡಿ ಇಲ್ಲದ ವ್ಯಾಕ್ಸ್ ಮಾತ್ರ. ಪೂಜೆಯ ಅರಿಶಿನ ಕುಂಕುಮವನ್ನು ಹ್ಯಾಂಡಲಿನ ಕ್ರೋಮ್ ಮೇಲೆ ಇಟ್ಟರೆ ಒರೆಸುವುದು ಸುಲಭ. ಮಳೆಯಲ್ಲಿ ಓಡಿಸಿ ಬಂದ ದಿನ ಬಿ.ಬಿ. ಹಿಂದಿನ ಎರೆಮಣ್ಣನ್ನು ಅಂದೇ ತೆಗೆದು ಒರೆಸಿಡಿ.